ತಾರಸಿಯ ಮೇಲೊಂದು ಕಿಟಕಿ

ಮನೆ ಕಟ್ಟಿಸುವಾಗ ಗಂಡ ಹೆಂಡತಿ ಜಗಳ ಆಡೋದು ಅಡುಗೆಮನೆ ಸೈಜಿನ ಬಗ್ಗೆ, ಅಕ್ಕಪಕ್ಕದವರು ಜಗಳ ಆಡೋದು ಕಿಟಕಿ ಬಗ್ಗೆ. ನಿಮ್ಮ ಬಾಲ್ಕನಿಯಲ್ಲಿ ನಿಂತರೆ ನಮ್ಮ ಬಚ್ಚಲ ಬಾಗಿಲು ಕಾಣುತ್ತೆ, ನಿಮ್ಮ ರೂಮಿನ ಲೈಟು ನಮ್ಮ ಹಾಸಿಗೆ ಮೇಲೇ ಬೀಳುತ್ತೆ, ಇಂಥವು. ತುಮಕೂರಿನ ನಮ್ಮ ಮನೆ ಎದ್ದು ನಿಲ್ಲುವಾಗ ಪಕ್ಕದ ಮನೆಯ ಹೆಡ್‌ಮಾಸ್ಟರು ಒಂದು ಸಂಜೆ ಬಂದು, "ಸ್ವಾಮಿ, ಆ ಮೆಟ್ಟಿಲ ಹತ್ರದ ಕಿಟಕಿ ಒಂದೆರಡು ಅಡಿ ಮೇಲೆ ಇಟ್ಕೊಂಡ್ರೆ ನಮ್ಮ ಮನೆ ಹೆಣ್ಮಕ್ಕಳು ಬಟ್ಟೆ ಒಗೆಯೋ ಜಾಗ ಮರೆಯಾಗುತ್ತೆ" ಅಂದರಂತೆ. ಅಪ್ಪ ಮಾರನೇ ದಿನವೇ ಮೇಸ್ತ್ರಿಗೆ ಹೇಳಿ ಕಿಟಕಿ ಮೇಲಕ್ಕೆ ಸರಿಸಿದರು. ಆ ಕಿಟಕಿ ಇವತ್ತಿಗೂ ನನ್ನ ಕೈಗೆ ಎಟುಕಲ್ಲ, ಧೂಳು ಹೊಡೆಯೋಕೆ ಸ್ಟೂಲ್ ಬೇಕು.

ಒಂದು ಲೋಟ ಕಾಫಿಯಲ್ಲಿ ಮುಗಿದ ಈ ಮಾತುಕತೆಗೆ ಕಾನೂನಿನಲ್ಲೂ ಒಂದು ಜಾಗ ಇದೆ. 1882ರ ಇಂಡಿಯನ್ ಈಸ್‌ಮೆಂಟ್ಸ್ ಆಕ್ಟ್. ಇನ್ನೊಬ್ಬರ ಜಮೀನಿನಲ್ಲಿ ನಮಗಿರುವ ದಾರಿ, ನೀರು, ಗಾಳಿ, ಬೆಳಕಿನ ಹಕ್ಕುಗಳ ಕಾಯ್ದೆ ಅದು. ಜಮೀನು ವ್ಯಾಜ್ಯ ಇರುವ ಪ್ರತಿ ಮನೆಯಲ್ಲೂ ಒಬ್ಬ ದೊಡ್ಡಪ್ಪನಿಗೆ ಈ ಕಾಯ್ದೆ ಬಾಯಿಪಾಠ ಇರುತ್ತೆ. ಅದರ 18ನೇ ಸೆಕ್ಷನ್ನಿನಲ್ಲಿ ಒಂದು ಉದಾಹರಣೆ ಕೊಟ್ಟಿದ್ದಾರೆ. ಒಂದು ಊರಿನಲ್ಲಿ ನೆರೆಮನೆಯವರ ಖಾಸಗಿತನ ಕೆಡಿಸುವಂಥ ಹೊಸ ಕಿಟಕಿ ತೆರೆಯಬಾರದು ಅನ್ನೋ ರೂಢಿ ಇದ್ದರೆ, ಅಲ್ಲಿ ಮನೆ ಕಟ್ಟಿದವನಿಗೆ ಆ ರೂಢಿಯೇ ಹಕ್ಕು ಕೊಡುತ್ತೆ: ತನ್ನ ಮನೆಯ ಯಾವ ಭಾಗ ಸಾಮಾನ್ಯವಾಗಿ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲವೋ, ಆ ಭಾಗ ಕಾಣುವ ಹಾಗೆ ಪಕ್ಕದವನು ಕಿಟಕಿ ಇಡುವಂತಿಲ್ಲ. 1888ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಇಂಥದ್ದೇ ಒಂದು ಮೊಕದ್ದಮೆ ಬಂತು. ಗೋಕಲ್ ಪ್ರಸಾದ್ ಎಂಬಾತ ಹೊಸ ಮನೆಗೆ ಇಟ್ಟ ವರಾಂಡದಿಂದ ಪಕ್ಕದ ರಾಧೋ ಎಂಬಾಕೆಯ ಮನೆಯಲ್ಲಿ ಹೆಂಗಸರು ಇರುವ ಭಾಗ ಕಾಣುತ್ತಿತ್ತು. ಆ ಸೀಮೆಯಲ್ಲಿ ಖಾಸಗಿತನದ ಹಕ್ಕು ರೂಢಿಯಿಂದ ಬಂದಿದೆ, ಅದಕ್ಕೆ ಗಣನೀಯವಾಗಿ ಅಡ್ಡಿಯಾದರೆ ದಾವೆ ಹೂಡಬಹುದು ಅಂತ ಕೋರ್ಟು ಒಪ್ಪಿತು. ವಿಮಾನ ಅನ್ನೋದು ಇನ್ನೂ ಹುಟ್ಟೇ ಇರಲಿಲ್ಲ ಆಗ.

ಸಾಫ್ಟ್‌ವೇರ್ ಕೆಲಸ ಮಾಡುವ ನಾನು 1882ರ ಕಾಯ್ದೆ ಹಿಡಿದು ಕೂರಬೇಕಾಗಿ ಬಂದದ್ದು ಒಂದು ಡ್ರೋನಿನಿಂದ.

ನನ್ನದು ವಾರಕ್ಕೆ ಮೂರು ದಿನ ಬೆಂಗಳೂರಿನ ಆಫೀಸು, ಉಳಿದ ದಿನ ತುಮಕೂರಿನ ಮನೆಯಿಂದಲೇ ಕೆಲಸ. ಮನೆಯಲ್ಲಿ ಅಪ್ಪ, ಅಮ್ಮ. ಮನೆ ಅಪ್ಪನ ಹೆಸರಲ್ಲಿದೆ, ಆದರೆ ತಾರಸಿ ಅಮ್ಮನದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆಳಗೆ ಮನೆಯಲ್ಲಿ ಅಮ್ಮ ಯಾರಿಗಾದರೂ ಏನಾದರೂ ಆಗಿರ್ತಾರೆ. ಅಪ್ಪನ ಮಾತ್ರೆ, ಬಂದವರಿಗೆ ಕಾಫಿ, ನನ್ನ ಮೀಟಿಂಗ್ ನಡುವೆ ಮೆಲ್ಲಗೆ ಬಾಗಿಲು ತಳ್ಳಿ ಇಡುವ ದೋಸೆ ತಟ್ಟೆ. ಮಹಡಿ ಮೇಲೆ ಹೋದರೆ ಮಾತ್ರ ಅವರು ಬರೀ ಅವರು. ಚಳಿಗಾಲ ಕಳೆದು ಬಿಸಿಲು ಬಲಿತರೆ ಸಂಡಿಗೆ, ಹಪ್ಪಳ, ಹುಣಸೆಹಣ್ಣು, ವರ್ಷದ ಮೆಣಸಿನಕಾಯಿ ಎಲ್ಲ ಅಲ್ಲೇ. ಶುಕ್ರವಾರ ಎಣ್ಣೆಸ್ನಾನ ಮಾಡಿ, ನೈಟಿ ಮೇಲೊಂದು ಟವೆಲ್ ಹಾಕಿಕೊಂಡು, ಬಿಸಿಲಿಗೆ ಬೆನ್ನು ಕೊಟ್ಟು ಕೂದಲು ಬಿಟ್ಟುಕೊಂಡು ಕೂತರೆ ಅರ್ಧ ಗಂಟೆ ಕರೆದರೂ ಇಳಿಯಲ್ಲ. ಅಲ್ಲೇ ಹಳೇ ಹಾಡು ಹೇಳಿಕೊಳ್ತಾರೆ. ಕೆಳಗೆ ಅವರು ಹಾಡಿದ್ದು ನಾನು ಕೇಳಿಲ್ಲ. ಸುತ್ತ ನಾಲ್ಕು ಅಡಿ ಪ್ಯಾರಾಪೆಟ್ ಗೋಡೆ, ಒಂದು ಕಡೆ ನೀರಿನ ಟ್ಯಾಂಕು, ಇನ್ನೊಂದು ಕಡೆ ಹೆಡ್‌ಮಾಸ್ಟರ ಮನೆಯ ತೆಂಗಿನ ಗರಿ. ಪಕ್ಕದ ಮನೆಗಳೆಲ್ಲ ನಮ್ಮಷ್ಟೇ ಎತ್ತರ. ಯಾರಿಗೂ ಕಾಣದ ಜಾಗ ಅದು.

ಹಿಂದಿನ ಬೀದಿಯ ತೆಂಗಿನ ತೋಟ ಕಡಿದು ಲೇಔಟ್ ಮಾಡಿದರು. ಕಲ್ಲು ನೆಟ್ಟರು, ರಸ್ತೆಗೆ ಜಲ್ಲಿ ಬಿತ್ತು, ಆರ್ಚ್ ಎದ್ದಿತು. ಆಮೇಲೆ ಡ್ರೋನು ಬಂತು. ಸೈಟು ಮಾರೋಕೆ ಈಗ ಪಾಂಪ್ಲೆಟ್ ಸಾಲಲ್ಲ, ಆಕಾಶದಿಂದ ತೆಗೆದ ವಿಡಿಯೊ ಬೇಕು, ಅದಕ್ಕೆ ಕೊಳಲಿನ ಹಿನ್ನೆಲೆ ಸಂಗೀತ ಬೇಕು. ಮೂರು ದಿನ ಬೆಳಿಗ್ಗೆ ಒಂಬತ್ತಕ್ಕೆ ಜೇನುಹುಳದ ಥರ ಗುಯ್‌ಗುಟ್ಟುತ್ತಾ ಎದ್ದು, ಲೇಔಟ್ ಮೇಲೆ ಒಂದು ಸುತ್ತು ಹಾಕಿ, 'ಸುತ್ತಮುತ್ತ ಬೆಳೆದ ವಸತಿ ಪ್ರದೇಶ' ತೋರಿಸೋಕೆ ನಮ್ಮ ಬೀದಿಗೆ ಬರ್ತಿತ್ತು. ಟ್ಯಾಂಕಿಗಿಂತ ಒಂದಾಳೆತ್ತರ ಮೇಲೆ, ಅಷ್ಟೇ. ಮೊದಲನೇ ದಿನ ಅಮ್ಮ ಹದ್ದು ಅಂತ ಸಂಡಿಗೆಗೆ ಕೊಡೆ ಅಡ್ಡ ಹಿಡಿದರಂತೆ. ಎರಡನೇ ದಿನ ಟವೆಲ್ ಎಳೆದುಕೊಂಡು ಟ್ಯಾಂಕಿನ ಹಿಂದೆ ಕೂತರು. ಮೂರನೇ ದಿನ ಹತ್ತಲೇ ಇಲ್ಲ.

ಹದಿನೈದು ದಿನಕ್ಕೆ ನಮ್ಮ ಕಸಿನ್ಸ್ ವಾಟ್ಸಾಪ್ ಗ್ರೂಪಿಗೆ ಒಂದು ರೀಲ್ ಬಂತು. ಜೊತೆಗೆ, "ದೊಡ್ಡಮ್ಮ ಫೇಮಸ್ಸು!" ಅಂತ ನಗುವ ನಾಲ್ಕು ಮುಖ. ಕೊಳಲು, ಸೂರ್ಯ, ಆರ್ಚು, ಬೆಲೆ, ಕೊನೆಗೆ ನಮ್ಮ ಬೀದಿ. ನಾಲ್ಕೈದು ಸೆಕೆಂಡು ನಮ್ಮ ತಾರಸಿ. ಒದ್ದೆ ಕೂದಲು ಬಿಟ್ಟುಕೊಂಡು, ನೈಟಿ ಎತ್ತಿ ಸಿಕ್ಕಿಸಿಕೊಂಡು, ಬಗ್ಗಿ ಸಂಡಿಗೆ ಇಡುತ್ತಿರುವ ಅಮ್ಮ. ಮುಖ ಸ್ಪಷ್ಟ. ಗುರುತು ಸಿಗದೇ ಇರೋ ಪ್ರಶ್ನೆಯೇ ಇಲ್ಲ, ಹಾಗಿದ್ದಿದ್ರೆ ಶಿವಮೊಗ್ಗದಲ್ಲಿರೋ ಕಸಿನ್ನಿಗೆ ಹೇಗೆ ಗೊತ್ತಾಗ್ತಿತ್ತು?

ನಾನು ಕೂಗಾಡಿದೆ. ಅಪ್ಪ ಸುಮ್ಮನೆ ಫೋನು ಕೆಳಗಿಟ್ಟರು. ಅಮ್ಮ ಒಂದೇ ಮಾತು ಕೇಳಿದ್ದು, "ಎಷ್ಟು ಜನ ನೋಡಿರ್ತಾರೆ?" ರೀಲಿನ ಕೆಳಗೆ ಸಂಖ್ಯೆ ಇತ್ತು. ನಾನು ಹೇಳಲಿಲ್ಲ. ಅವತ್ತಿನಿಂದ ಸಂಡಿಗೆ ಮುಂದಿನ ಅಂಗಳಕ್ಕೆ ಬಂತು, ಅಲ್ಲಿ ಬಿಸಿಲು ಮಧ್ಯಾಹ್ನ ಎರಡು ಗಂಟೆ ಮಾತ್ರ. ಕೂದಲು ಫ್ಯಾನಿನ ಕೆಳಗೆ ಒಣಗೋಕೆ ಶುರುವಾಯ್ತು. ಹಾಡು ನಿಂತಿತು ಅಂತ ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಠಾಣೆಗೆ ಹೋದೆವು. ಅಲ್ಲಿದ್ದವರು ಕೆಟ್ಟವರೇನಲ್ಲ, ಕುರ್ಚಿ ಕೊಟ್ಟರು, ರೀಲು ಎರಡು ಸಲ ನೋಡಿದರು. (ನೋಡಿದವರ ಲೆಕ್ಕ ಇನ್ನೆರಡು ಹೆಚ್ಚಾಯ್ತು ಅಂತ ನನಗೆ ಅನಿಸದೇ ಇರಲಿಲ್ಲ.) ಆಮೇಲೆ ಒಬ್ಬರು ಕೇಳಿದರು, "ಮೇಡಂ, ಬಟ್ಟೆ ಹಾಕ್ಕೊಂಡೇ ಇದಾರಲ್ವಾ? ಮತ್ತೇನು ತೊಂದರೆ?"

ಆಗ ನನಗೆ ಮೈಯೆಲ್ಲ ಉರಿಯಿತು. ಆದರೆ ಆಮೇಲೆ ಪಿಯುಸಿಯಿಂದ ಜೊತೆಗಿರುವ ನನ್ನ ವಕೀಲೆ ಗೆಳತಿಯ ಹತ್ತಿರ ಕೂತು ಒಂದೊಂದೇ ಸೆಕ್ಷನ್ ಓದಿದಾಗ ಗೊತ್ತಾಯ್ತು, ಆ ಮನುಷ್ಯ ಕೇಳಿದ್ದು ಕಾನೂನು ಕೇಳುವ ಪ್ರಶ್ನೆಯನ್ನೇ. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್, ಹಿಂದಿನ ಐಪಿಸಿಯ 354ಸಿ, ಹೆಣ್ಣೊಬ್ಬಳನ್ನು ಅವಳ ಖಾಸಗಿ ಸಮಯದಲ್ಲಿ ಕದ್ದು ನೋಡುವುದು, ಚಿತ್ರ ತೆಗೆಯುವುದು ಅಪರಾಧ ಅನ್ನುತ್ತೆ. ಮೊದಲ ಸಲಕ್ಕೆ ಕನಿಷ್ಠ 1 ವರ್ಷ, 3 ವರ್ಷದವರೆಗೆ ಜೈಲು. ಗಟ್ಟಿ ಕಾನೂನೇ. ಆದರೆ 'ಖಾಸಗಿ' ಅಂದರೆ ಏನು ಅಂತ ಅಲ್ಲೇ ವಿವರಿಸಿದೆ: ಗುಪ್ತಾಂಗ, ಎದೆಯಂಥ ಭಾಗ ಕಾಣುವ ಹಾಗೋ ಬರೀ ಒಳಉಡುಪಿನಲ್ಲೋ ಇರಬೇಕು, ಇಲ್ಲಾ ಶೌಚದಲ್ಲಿರಬೇಕು, ಇಲ್ಲಾ ಸಾಮಾನ್ಯವಾಗಿ ಬಹಿರಂಗದಲ್ಲಿ ನಡೆಯದಂಥ ಲೈಂಗಿಕ ಕ್ರಿಯೆ ಆಗಿರಬೇಕು. ಐಟಿ ಆಕ್ಟಿನ 66ಇ ಗಂಡು ಹೆಣ್ಣು ಇಬ್ಬರಿಗೂ ಅನ್ವಯ ಆಗುತ್ತೆ, 3 ವರ್ಷ ಜೈಲು ಅಥವಾ 2 ಲಕ್ಷದವರೆಗೆ ದಂಡ ಇದೆ, ಆದರೆ ಅದೂ ದೇಹದ ಖಾಸಗಿ ಭಾಗದ ಚಿತ್ರಕ್ಕೆ ಮಾತ್ರ. ನಿಮ್ಮ ಬಾತ್‌ರೂಮ್ ಕಿಟಕಿಗೆ, ಬೆಡ್‌ರೂಮಿಗೆ ಯಾರಾದರೂ ಡ್ರೋನು ಕಳಿಸಿದರೆ ಈ ಎರಡನ್ನೂ ನೆನಪಿಟ್ಟುಕೊಳ್ಳಿ, ಠಾಣೆಯಲ್ಲಿ ಸೆಕ್ಷನ್ ನಂಬರ್ ಹೇಳಿಯೇ ದೂರು ಬರೆಯಿರಿ. ನೈಟಿಯಲ್ಲಿ ಸಂಡಿಗೆ ಇಡುವ ಹೆಂಗಸು ಮಾತ್ರ ಈ ಎರಡು ಸೆಕ್ಷನ್ನಿನ ಹೊರಗೆ ನಿಲ್ಲುತ್ತಾಳೆ.

ಹಾಗಾದರೆ ಡ್ರೋನಿಗೇ ಅಂತ ಇರುವ ಕಾನೂನು? ಇದೆ, 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳು. ತೂಕದ ಮೇಲೆ ಐದು ವರ್ಗ. 250 ಗ್ರಾಂವರೆಗೆ ನ್ಯಾನೋ, ಅಲ್ಲಿಂದ 2 ಕೆಜಿವರೆಗೆ ಮೈಕ್ರೋ, ಹೀಗೆ. ಆಕಾಶಕ್ಕೆ ಮೂರು ಬಣ್ಣ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸೋ ಹಾಗಿಲ್ಲ, ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು, ಹಸಿರಿನಲ್ಲಿ 400 ಅಡಿವರೆಗೆ ಅನುಮತಿ ಬೇಡ. ಡಿಜಿಟಲ್ ಸ್ಕೈ ಅನ್ನೋ ಸರ್ಕಾರಿ ತಾಣದಲ್ಲಿ ನಕ್ಷೆ ಇದೆ, ಯಾರು ಬೇಕಾದರೂ ನೋಡಬಹುದು. ನ್ಯಾನೋ ಹಾರಿಸೋಕೆ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ, ಮೈಕ್ರೋವನ್ನು ಶೋಕಿಗೆ ಹಾರಿಸೋಕೂ ಬೇಕಿಲ್ಲ, ದುಡಿಮೆಗೆ ಆದರೆ ಬೇಕು. 249 ಗ್ರಾಮಿನ ಡ್ರೋನುಗಳು ಯಾಕೆ ಅಷ್ಟು ಜನಪ್ರಿಯ ಅಂತ ಈಗ ಗೊತ್ತಾಯ್ತಾ? ಒಂದೇ ಒಂದು ಗ್ರಾಮಿನ ಉಳಿತಾಯ. ನಿಯಮ ಮುರಿದರೆ ದಂಡ 1 ಲಕ್ಷದವರೆಗೆ.

ಈಗ ಆ 400 ಅಡಿಯ ಲೆಕ್ಕ ನೋಡಿ. ಮಹಡಿಗೆ ಹತ್ತು ಅಡಿ ಅಂದರೂ 40 ಮಹಡಿ. ಬೆಂಗಳೂರಲ್ಲಿ 14ನೇ ಮಹಡಿಯ ಫ್ಲ್ಯಾಟಿಗೆ ಇಎಂಐ ಕಟ್ಟುತ್ತಿರುವ ನೀವು, ತುಮಕೂರಿನ ಒಂದು ಅಂತಸ್ತಿನ ನಮ್ಮಮ್ಮ, ಇಬ್ಬರೂ ಆ ಮಿತಿಯ ಕೆಳಗೇ ಇದ್ದೀವಿ. ನಿಯಮ ಹೇಳೋದು ಎಷ್ಟು ಮೇಲೆ ಹೋಗಬಾರದು ಅಂತ. ಎಷ್ಟು ಕೆಳಗೆ ಬರಬಾರದು ಅನ್ನೋ ಸಾಲು ಹುಡುಕಿದೆ, ನನಗೆ ಸಿಗಲಿಲ್ಲ. ತರ್ಕ ಅರ್ಥ ಆಗುತ್ತೆ, ಈ ನಿಯಮ ಬರೆದವರ ತಲೆಯಲ್ಲಿ ಇದ್ದದ್ದು ವಿಮಾನ. ಡ್ರೋನು ಮೇಲೆ ಹೋಗಿ ವಿಮಾನಕ್ಕೆ ಅಡ್ಡ ಬರಬಾರದು. ಕೆಳಗೆ ಬಂದು ಮನುಷ್ಯರಿಗೆ ಅಡ್ಡ ಬಂದರೆ ಅದು ಬೇರೆ ಇಲಾಖೆ.

ಬೇಜಾರಿನ ಸಂಗತಿ ಅಂದರೆ, ಅದೇ ವರ್ಷದ ಮಾರ್ಚಿನಲ್ಲಿ ಬಂದಿದ್ದ ಹಿಂದಿನ ನಿಯಮಗಳಲ್ಲಿ ಒಂದು ಸಾಲು ಇತ್ತು. ಚಿತ್ರ ತೆಗೆಯುವುದಾದರೆ ವ್ಯಕ್ತಿಯ ಮತ್ತು ಅವರ ಆಸ್ತಿಯ ಖಾಸಗಿತನ ಕಾಪಾಡಿ ತೆಗೆಯಬೇಕು ಅನ್ನೋ ಅರ್ಥದ್ದು. ಐದು ತಿಂಗಳಿಗೆ ಆ ನಿಯಮಗಳನ್ನೇ ಎತ್ತಿಹಾಕಿ, ಉದ್ಯಮಕ್ಕೆ ಸಲೀಸಾಗಲಿ ಅಂತ ಹೊಸದು ತಂದರು. ಫಾರ್ಮುಗಳು ಕಡಿಮೆಯಾದವು, ಶುಲ್ಕ ಇಳಿಯಿತು, ಒಳ್ಳೆಯದೇ. ಆ ಒಂದು ಸಾಲೂ ಅದರ ಜೊತೆಗೇ ಹೋಯ್ತು.

ಬೆಂಗಳೂರಿನವರಿಗೆ ಇಲ್ಲಿ ಒಂದು ವಿಚಿತ್ರ ಅನುಕೂಲ ಇದೆ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಅಂತ ಸುತ್ತ ರನ್‌ವೇಗಳು. ಚಾಲ್ತಿಯಲ್ಲಿರುವ ವಿಮಾನ ನಿಲ್ದಾಣದ ಸುತ್ತ ನಿಯಮ ಬಿಗಿ: 8ರಿಂದ 12 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ 200 ಅಡಿ ಮಾತ್ರ, ಅದಕ್ಕಿಂತ ಹತ್ತಿರದಲ್ಲಿ ಅನುಮತಿ ಇಲ್ಲದೆ ಹಾರಿಸೋ ಹಾಗೇ ಇಲ್ಲ. ನಿಮ್ಮ ಬಾಲ್ಕನಿ ಎದುರು ಡ್ರೋನು ನಿಂತರೆ ಮೊದಲು ಆ ನಕ್ಷೆ ನೋಡಿ. 'ನಮ್ಮ ಮನೆ ನೋಡ್ತಿದಾನೆ' ಅಂತ ದೂರು ಕೊಟ್ಟರೆ ತಲೆ ಕೆರೆದುಕೊಳ್ಳುವ ಪೊಲೀಸರಿಗೆ 'ಹಳದಿ ವಲಯದಲ್ಲಿ ಅನುಮತಿ ಇಲ್ಲದೆ ಹಾರಿಸಿದಾನೆ' ಅಂದರೆ ಹಿಡಿಯೋಕೆ ಒಂದು ಕೊಂಬೆ ಸಿಗುತ್ತೆ. ನಿಮ್ಮ ಮಲಗುವ ಕೋಣೆಯ ಮಾನ ಕಾಪಾಡೋದು ಯಾವುದೋ ವಿಮಾನದ ಸುರಕ್ಷತೆ! ತುಮಕೂರಿನ ನಮ್ಮ ಬೀದಿ ನಕ್ಷೆಯಲ್ಲಿ ಅಚ್ಚ ಹಸಿರು.

ಇನ್ನೂ ಒಂದು ಬಾಗಿಲು ಇದೆ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ದೊಡ್ಡ ತೀರ್ಪು, ಅನುಮಾನ ಇಲ್ಲ. ಆದರೆ ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧ ಹಿಡಿಯುವ ಗುರಾಣಿ. ಸೈಟು ಮಾರುವವನ ಎದುರು ಅದನ್ನು ಹಿಡಿಯೋಕೆ ನಡುವೆ ಇನ್ನೊಂದು ಕಾನೂನು ಬೇಕು. 2023ರ ದತ್ತಾಂಶ ಕಾಯ್ದೆ ಅಂಥದ್ದು. ವೈಯಕ್ತಿಕ, ಮನೆಮಟ್ಟಿನ ಬಳಕೆಗೆ ತೆಗೆದದ್ದನ್ನು ಅದು ಮುಟ್ಟುವುದಿಲ್ಲ, ಪಕ್ಕದ ಮನೆ ಹುಡುಗ ಶೋಕಿಗೆ ತೆಗೆದರೆ ಅವನಿಗೆ ರಿಯಾಯಿತಿ. ವ್ಯಾಪಾರಕ್ಕೆ ತೆಗೆದವರಿಗೆ ಆ ರಿಯಾಯಿತಿ ಇಲ್ಲ. ಆದರೆ ನಿಯಮಗಳು ಬಂದದ್ದೇ 2025ರ ನವೆಂಬರಿನಲ್ಲಿ, ಮುಖ್ಯ ಭಾಗಗಳು ಜಾರಿಯಾಗೋಕೆ ಹದಿನೆಂಟು ತಿಂಗಳ ಕಾಲಾವಕಾಶ. ಅಷ್ಟರೊಳಗೆ ಎಷ್ಟು ಸಂಡಿಗೆ ಸೀಸನ್ ಕಳೆದುಹೋಗುತ್ತೆ ಅಂತ ಅಮ್ಮನಿಗೆ ಹೇಳೋದು ಹೇಗೆ?

ಮನೆ ನನ್ನದು, ಮೇಲಿನ ಆಕಾಶವೂ ನನ್ನದಲ್ವಾ, ಅತಿಕ್ರಮ ಪ್ರವೇಶದ ಕೇಸು ಹಾಕೋಣ ಅಂತ ಅಪ್ಪ ಕೇಳಿದರು. ನಿವೃತ್ತರಿಗೆ ಕೋರ್ಟಿನ ಬಗ್ಗೆ ಒಂದು ಉತ್ಸಾಹ ಇರುತ್ತೆ. 1934ರ ವಿಮಾನ ಕಾಯ್ದೆಯ 17ನೇ ಸೆಕ್ಷನ್ ಇದಕ್ಕೇ ತಡೆ ಹಾಕಿತ್ತು: ಗಾಳಿ, ಹವೆ, ಸಂದರ್ಭ ಎಲ್ಲ ನೋಡಿದಾಗ ಸಮಂಜಸ ಅನ್ನಿಸುವ ಎತ್ತರದಲ್ಲಿ ಹಾರಿದ್ದಕ್ಕಷ್ಟೇ ಅಂತ ಯಾರೂ ದಾವೆ ಹೂಡುವಂತಿಲ್ಲ. ಆ ಕಾಯ್ದೆಯ ಜಾಗಕ್ಕೆ ಈಗ 2024ರ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಟ್ಯಾಂಕಿನ ಮೇಲೆ ಒಂದಾಳೆತ್ತರ ಅನ್ನೋದು ಸಮಂಜಸವಾ ಅಂತ ವಾದಿಸಬಹುದು. ಎಷ್ಟು ವರ್ಷ ವಾದಿಸಬೇಕು ಅನ್ನೋದು ಬೇರೆ ಪ್ರಶ್ನೆ.

ಇಂಥದ್ದೇ ವಾದ ಇಂಗ್ಲೆಂಡಿನಲ್ಲಿ ಒಬ್ಬ ದೊಡ್ಡ ಮನುಷ್ಯ ಮಾಡಿ ಸೋತಿದ್ದಾನೆ. 1974ರಲ್ಲಿ ಒಂದು ಕಂಪನಿ ವಿಮಾನದಿಂದ ಮನೆಗಳ ಫೋಟೊ ತೆಗೆದು, ಆ ಮನೆಯವರಿಗೇ ಮಾರುತ್ತಿತ್ತು. ಹಾಗೆ ಕೆಂಟ್ ಪ್ರಾಂತ್ಯದ ಒಂದು ಮನೆಯ ಫೋಟೊ ತೆಗೆದರು, ಅದು ಲಾರ್ಡ್ ಬರ್ನ್‌ಸ್ಟೀನ್ ಅವರ ಮನೆ. ಗ್ರನಾಡಾ ಟೆಲಿವಿಷನ್ ಸ್ಥಾಪಿಸಿದವರು ಅವರು. ಊರಿಗೆಲ್ಲ ಕ್ಯಾಮೆರಾ ಹಿಡಿದ ಮನುಷ್ಯನಿಗೆ ತನ್ನ ಮನೆಗೆ ಕ್ಯಾಮೆರಾ ಬಂದದ್ದು ಹಿಡಿಸಲಿಲ್ಲ, ಕೋರ್ಟಿಗೆ ಹೋದರು. ನ್ಯಾಯಮೂರ್ತಿ ಗ್ರಿಫಿತ್ಸ್, ಜಮೀನಿನವನ ಹಕ್ಕು ಅವನ ಸಾಮಾನ್ಯ ಬಳಕೆಗೆ ಬೇಕಾದಷ್ಟು ಎತ್ತರಕ್ಕೆ ಮಾತ್ರ, ಆಕಾಶದ ತುದಿವರೆಗಲ್ಲ ಅಂತ ದಾವೆ ವಜಾ ಮಾಡಿದರು. ಆದರೆ ಜೊತೆಗೇ ಒಂದು ಮಾತು ಹೇಳಿದರು. ಒಬ್ಬರ ಮನೆಯನ್ನು ಆಕಾಶದಿಂದ ಸತತವಾಗಿ ಕಣ್ಗಾವಲಿಟ್ಟು, ಅವರು ಮಾಡುವ ಪ್ರತಿಯೊಂದರ ಫೋಟೊ ತೆಗೆಯುತ್ತಿದ್ದರೆ, ಅಂಥ ಘೋರ ಅತಿಕ್ರಮಣವನ್ನು ಕೋರ್ಟು ಉಪದ್ರವ ಅಂತ ಪರಿಗಣಿಸಬಹುದು.

ಗೆಳತಿ ಈ ತೀರ್ಪು ಓದಿ ಹೇಳಿದಾಗ ನನಗೆ ಅನಿಸಿದ್ದು, ಈ ನ್ಯಾಯಮೂರ್ತಿಯೂ ಆ 1882ರ ಕಾಯ್ದೆಯೂ ನಮ್ಮ ಹೆಡ್‌ಮಾಸ್ಟರೂ ಕೇಳುತ್ತಿರೋದು ಒಂದೇ ಪ್ರಶ್ನೆ. ಅಲ್ಲಿಂದ ಏನು ಕಾಣುತ್ತೆ? ಕಿಟಕಿ ಎಷ್ಟು ಅಗಲ, ಯಾವ ಮರದ್ದು, ಎಷ್ಟು ತೂಕ ಅಂತ ಯಾರೂ ಕೇಳಲಿಲ್ಲ. ಡ್ರೋನು ಅಂದರೆ ಹಾರಾಡುವ ಕಿಟಕಿ. ನಾವು ಅದರ ತೂಕ ಅಳೆದೆವು, ಎತ್ತರ ಅಳೆದೆವು, ಆಕಾಶಕ್ಕೆ ಬಣ್ಣ ಬಳಿದೆವು, ಅದು ಯಾವ ಕಡೆ ತೆರೆದಿದೆ ಅಂತ ಮಾತ್ರ ನೋಡಲಿಲ್ಲ. ಈಸ್‌ಮೆಂಟ್ ಕಾಯ್ದೆಯನ್ನು ಡ್ರೋನಿಗೆ ತಂದು ಅಂಟಿಸೋಕೆ ಆಗಲ್ಲ, ಅದು ನನಗೂ ಗೊತ್ತು. ಅದು ಅಕ್ಕಪಕ್ಕದ ಎರಡು ಆಸ್ತಿಗಳ ವಿಷಯ, ಆ ಊರಿನ ರೂಢಿ ಸಾಬೀತು ಮಾಡಬೇಕು. ಆದರೆ 'ಸಾಮಾನ್ಯವಾಗಿ ಹೊರಗಿನ ಕಣ್ಣಿಗೆ ಬೀಳದ ಭಾಗ' ಅನ್ನೋ ಅಳತೆ ಇದೆಯಲ್ಲ, ಅದು ನಮ್ಮ ತಾರಸಿಗೆ ಸರಿಯಾಗಿ ಕೂರುತ್ತೆ. ಅಲ್ಲಿ ಬಟ್ಟೆ ಹಾಕಿಕೊಂಡಿದ್ದರೋ ಇಲ್ಲವೋ ಅನ್ನೋ ಮಾತೇ ಬರಲ್ಲ.

ಡ್ರೋನು ಅಂದರೇನೇ ಸಿಟ್ಟು ಅಂತಲ್ಲ. ಗುಬ್ಬಿ ತಾಲ್ಲೂಕಿನ ನಮ್ಮಜ್ಜಿಯ ಊರಿಗೂ ಡ್ರೋನು ಬಂದಿತ್ತು, ಸ್ವಾಮಿತ್ವ ಯೋಜನೆಯಲ್ಲಿ. 2020ರಲ್ಲಿ ಶುರುವಾದ ಯೋಜನೆ ಅದು, ಹಳ್ಳಿಗಳ ವಸತಿ ಜಾಗವನ್ನು ಡ್ರೋನಿನಿಂದ ಅಳೆದು ಮನೆಯವರಿಗೆ ಆಸ್ತಿ ಪತ್ರ ಕೊಡೋದು. ಮೊದಲೇ ಪಂಚಾಯ್ತಿಯಿಂದ ಹೇಳಿ ಕಳಿಸಿದರು. ಅವರವರ ಜಾಗದ ಸುತ್ತ ಸುಣ್ಣದ ಗೆರೆ ಎಳೆಸಿದರು. ಅಜ್ಜಿ ತಾವೇ ನಿಂತು, ತಿಪ್ಪೆ ಗುಂಡಿವರೆಗೂ ಗೆರೆ ಹಾಕಿಸಿ, ಡ್ರೋನು ಬಂದ ದಿನ ಒಳ್ಳೆ ಸೀರೆ ಉಟ್ಟು ಜಗಲಿ ಮೇಲೆ ಕೂತಿದ್ದರಂತೆ. ಅದು ಅಜ್ಜಿಯ ಮನೆಯ ಅಂಗುಲ ಅಂಗುಲ ನೋಡಿತು. ಅಜ್ಜಿಗೆ ಬೇಜಾರಾಗಲಿಲ್ಲ. ಯಾರು ಬರ್ತಾರೆ, ಯಾವತ್ತು ಬರ್ತಾರೆ, ಯಾಕೆ ಬರ್ತಾರೆ ಅನ್ನೋದು ಗೊತ್ತಿತ್ತು.

ನಾವು ಕೊನೆಗೆ ಮಾಡಿದ್ದು ಸಣ್ಣ ಕೆಲಸ. ಗೆಳತಿ ಲೇಔಟಿನವರಿಗೆ ಒಂದೂವರೆ ಪುಟದ ನೋಟಿಸ್ ಬರೆದಳು. ಪರಿಹಾರ ಗಿರಿಹಾರ ಏನೂ ಕೇಳಲಿಲ್ಲ. ರೀಲ್ ತೆಗೆಯಬೇಕು, ಮೂಲ ವಿಡಿಯೊದಿಂದ ನಮ್ಮ ಮನೆಯ ಭಾಗ ಅಳಿಸಬೇಕು, ಮುಂದೆ ಹಾರಿಸುವ ಮುಂಚೆ ಬೀದಿಗೆ ತಿಳಿಸಬೇಕು. ತಾರೀಖು, ಸಮಯ, ರೀಲಿನ ಲಿಂಕು, ನಾನು ಎರಡನೇ ದಿನ ಫೋನಿನಲ್ಲಿ ತೆಗೆದಿದ್ದ ಡ್ರೋನಿನ ವಿಡಿಯೊ ಎಲ್ಲ ಜೊತೆಗಿಟ್ಟೆವು. ಇದನ್ನು ನೀವೂ ಮಾಡಿ. ಡ್ರೋನು ಕಂಡ ತಕ್ಷಣ ಕಲ್ಲು ಹುಡುಕಬೇಡಿ. ಹೊಡೆದು ಬೀಳಿಸಿದರೆ ಆಸ್ತಿ ನಷ್ಟದ ಕೇಸು ನಿಮ್ಮ ಮೇಲೇ ಬರುತ್ತೆ, ಯಾರದಾದರೂ ತಲೆ ಮೇಲೆ ಬಿದ್ದರೆ ಅದು ಇನ್ನೊಂದು. ಅದರ ಬದಲು ಫೋನ್ ತೆಗೆದು, ನಿಮ್ಮ ಮನೆಯ ಗುರುತೂ ಡ್ರೋನೂ ಒಂದೇ ಚಿತ್ರದಲ್ಲಿ ಬರುವ ಹಾಗೆ ವಿಡಿಯೊ ಮಾಡಿ. ಆಮೇಲೆ ಕೆಳಗಿಳಿದು ಹುಡುಕಿ. ಹಾರಿಸುವವನು ಸಾಮಾನ್ಯವಾಗಿ ಡ್ರೋನು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಇರ್ತಾನೆ. ಸಣ್ಣ ಡ್ರೋನಿನ ಬ್ಯಾಟರಿ ಅರ್ಧ ಗಂಟೆ ದಾಟೋದು ಅಪರೂಪ, ಅದು ಇಳಿಯುವ ಕಡೆ ಮನುಷ್ಯ ಸಿಗ್ತಾನೆ.

ನೋಟಿಸ್ ಮುಟ್ಟಿದ ನಾಲ್ಕನೇ ದಿನ ರೀಲ್ ಮಾಯವಾಯ್ತು. ಆರನೇ ದಿನ ಲೇಔಟ್ ಆಫೀಸಿನ ಮ್ಯಾನೇಜರ್, ಜೊತೆಗೆ ಹಾರಿಸಿದ ಹುಡುಗ, ಮನೆಗೆ ಬಂದರು. ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಶಿರಾ ಕಡೆಯವನು, ಮದುವೆ ಫೋಟೊ ತೆಗೆಯುತ್ತಾ ಸಾಲ ಮಾಡಿ ಡ್ರೋನು ಕೊಂಡವನು. ಬಾಗಿಲಲ್ಲೇ ನಿಂತು, "ಆಂಟಿ, ದೇವ್ರಾಣೆ ನೀವು ನಂಗೆ ಕಾಣ್ಲೇ ಇಲ್ಲ. ನಾನು ಸ್ಕ್ರೀನಲ್ಲಿ ಲೇಔಟ್ ಅಂಚು ನೋಡ್ತಿದ್ದೆ" ಅಂದ. ನಿಜ ಇರಬಹುದು. ಅಮ್ಮ ಅವನನ್ನು ಒಳಗೆ ಕರೆದು, ಕೂರಿಸಿ, ಆಮೇಲೆ ಕೇಳಿದರು, "ನಿನಗೇ ಕಾಣದೇ ಇದ್ದಿದ್ದು ಊರಿಗೆಲ್ಲಾ ಹೆಂಗೆ ಕಾಣಿಸ್ತಪ್ಪಾ?"

ಅವನ ಹತ್ತಿರ ಉತ್ತರ ಇರಲಿಲ್ಲ. ಮೆಮೊರಿ ಕಾರ್ಡಿನಿಂದ ನಮ್ಮೆದುರೇ ಅಳಿಸಿದ. ಎಡಿಟ್ ಮಾಡಿದವರ ಲ್ಯಾಪ್‌ಟಾಪಿನಲ್ಲೂ ಅಳಿಸ್ತೀವಿ ಅಂತ ಮ್ಯಾನೇಜರ್ ಬರೆದುಕೊಟ್ಟರು. ಆ ಲ್ಯಾಪ್‌ಟಾಪ್ ಬೆಂಗಳೂರಿನಲ್ಲಿದೆ, ಅದನ್ನು ನಾವು ನೋಡಿಲ್ಲ. ಕಸಿನ್ಸ್ ಗ್ರೂಪಿನ ಫೋನುಗಳಲ್ಲಿ ಇಳಿದದ್ದು ಎಷ್ಟಿದೆಯೋ. ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ, ಮುಚ್ಚಿಡೋಕೆ ಮನಸ್ಸಾಗಲಿಲ್ಲ. ತಲೆಯಾಡಿಸಿದರು.

ಆಮೇಲೆ ಆ ಹುಡುಗನೇ ಕಂಟ್ರೋಲರ್ ತಂದು ಅಮ್ಮನಿಗೆ ತೋರಿಸಿದ. ಲೇಔಟ್ ಕಡೆಯಿಂದ ಎಬ್ಬಿಸಿ, ಎತ್ತರಕ್ಕೆ ಒಯ್ದು ಕ್ಯಾಮೆರಾ ಬಗ್ಗಿಸಿದ. ನಮ್ಮ ಟ್ಯಾಂಕು ಬಂತು, ಹೆಡ್‌ಮಾಸ್ಟರ ಮನೆ ತೆಂಗು ಬಂತು, ಅದರಾಚೆ ಹುಡುಗಿಯರ ಪಿಜಿಯ ತಾರಸಿ, ಸಾಲಾಗಿ ಒಗೆದ ಬಟ್ಟೆ. ಯಾರೋ ಒಬ್ಬಳು ಮೂಲೆಯಲ್ಲಿ ಫೋನಿನಲ್ಲಿ ಮಾತಾಡುತ್ತಾ ಕೂತಿದ್ದಳು. "ಸಾಕು, ಇಳಿಸಪ್ಪಾ" ಅಂದರು ಅಮ್ಮ.

ಈಗ ಒಂದು ಏರ್ಪಾಟು ಆಗಿದೆ. ಹಾರಿಸುವ ಹಿಂದಿನ ದಿನ ಹುಡುಗ ಅಮ್ಮನಿಗೆ ಫೋನ್ ಮಾಡ್ತಾನೆ, ಅಮ್ಮ ಬೀದಿಯ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕ್ತಾರೆ. ಪಿಜಿ ನೋಡಿಕೊಳ್ಳುವ ಅಕ್ಕನ ನಂಬರ್ ಕೂಡ ಸೇರಿಸಿದ್ದಾರೆ. ನನಗೆ ಇದರಲ್ಲಿ ಪೂರ್ತಿ ಸಮಾಧಾನ ಇಲ್ಲ. ಅವರು ಹೇಳಿ ಹಾರಿಸ್ತಾರೆ, ನಾವು ಕೇಳಿಸಿಕೊಂಡು ಒಳಗೆ ಹೋಗ್ತೀವಿ, ಇದು ಯಾವ ಸೀಮೆ ಹಕ್ಕು ಅಂತ ಅಮ್ಮನ ಹತ್ತಿರ ವಾದ ಮಾಡಿದೆ. ಅಮ್ಮ ಉತ್ತರ ಕೊಡಲಿಲ್ಲ.

ಮೊನ್ನೆ ಬುಧವಾರ ಸಂಜೆ ನಾನು ಮನೆಯಲ್ಲಿದ್ದಾಗ ಆ ಹುಡುಗನ ಫೋನ್ ಬಂತು. ನಾಳೆ ಬೆಳಿಗ್ಗೆ ಒಂಬತ್ತೂವರೆಗೆ, ಇಪ್ಪತ್ತೇ ನಿಮಿಷ ಆಂಟಿ. ಅಮ್ಮ ಸ್ಪೀಕರಿಗೆ ಹಾಕಿ, ಕೈಗೆ ಅಂಟಿದ್ದ ಹಿಟ್ಟು ಒರೆಸಿಕೊಳ್ಳುತ್ತಾ, "ನಾಳೆ ಬೇಡಪ್ಪಾ, ನಾಳೆ ನಾನು ಹಪ್ಪಳ ಹಾಕ್ತಿದೀನಿ. ಶನಿವಾರ ಇಟ್ಕೋ" ಅಂದರು. ಆ ಕಡೆ ಒಂದು ಕ್ಷಣ ಮೌನ.

"ಆಯ್ತು ಆಂಟಿ, ಶನಿವಾರ" ಅಂದ.